ಬಂಕಾಪುರದಲ್ಲಿ ಮೂರು ದಿನ: ಗಂಗ ಮಾರಸಿಂಹನ ಬದುಕು, ಸಾವು

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಇಂದು ಹೆಸರಾಗಿರುವುದು ನವಿಲುಧಾಮದಿಂದ ಹಾಗೂ ಕೋಟೆಯೊಳಗಿನ ನಗರೇಶ್ವರ ದೇವಾಲಯದ ಅರವತ್ತಾರು ಕಂಬಗಳಿಂದ. ಸಾವಿರ ವರ್ಷಗಳ ಹಿಂದೆ ಇದೇ ಊರು ಜೈನ ವಿದ್ಯೆಯ ದೊಡ್ಡ ನೆಲೆಯಾಗಿತ್ತು. ತಲಕಾಡಿನ ಗಂಗವಂಶದ ದೊರೆ ಇಮ್ಮಡಿ ಮಾರಸಿಂಹನು ಅನ್ನಾಹಾರಗಳನ್ನು ತೊರೆದು ಪ್ರಾಣ ಬಿಟ್ಟದ್ದು ಇಲ್ಲಿಯೇ. ದಯಾಮರಣದ ಬಗ್ಗೆ, ವೃದ್ಧರ ಕೊನೆಗಾಲದ ಬಗ್ಗೆ ನಾಡಿನಲ್ಲಿ ಮತ್ತೆ ಮತ್ತೆ ಚರ್ಚೆ ಏಳುತ್ತಿರುವಾಗ ಈ ಅರಸನ ಕಥೆ ಮರುಓದಿಗೆ ಅರ್ಹವಾಗಿದೆ.

ಮಾರಸಿಂಹನು ಇಮ್ಮಡಿ ಬೂತುಗನ ಮಗ. ಕ್ರಿ.ಶ. 963ರಲ್ಲಿ ಪಟ್ಟಕ್ಕೆ ಬಂದ ಈತನ ಆಳ್ವಿಕೆಯ ಹೆಚ್ಚಿನ ಭಾಗ ಯುದ್ಧಭೂಮಿಯಲ್ಲಿಯೇ ಕಳೆಯಿತು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಪರವಾಗಿ ಉತ್ತರದ ದಂಡಯಾತ್ರೆಯಲ್ಲಿ ಹೋರಾಡಿದನು. ಉಚ್ಚಂಗಿ ಕೋಟೆಯನ್ನು ಗೆದ್ದು, ನೊಳಂಬರನ್ನು ಬಗ್ಗುಬಡಿದು ನೊಳಂಬಕುಲಾಂತಕನೆಂಬ ಬಿರುದು ಧರಿಸಿದನು. ಮುಂದೆ ಗೊಮ್ಮಟೇಶ್ವರನ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನು ಇವನ ಮಂತ್ರಿಯೂ ಸೇನಾನಿಯೂ ಆಗಿದ್ದನು.

ಆದರೆ ಅರಸನು ನಂಬಿದ್ದ ಸಾಮ್ರಾಜ್ಯವೇ ಕುಸಿಯತೊಡಗಿತು. 972ರಲ್ಲಿ ಪರಮಾರರ ಸೀಯಕನು ರಾಜಧಾನಿ ಮಾನ್ಯಖೇಟವನ್ನು ಸೂರೆಗೈದನು. ಮರುವರ್ಷ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಕೊನೆಯ ಚಕ್ರವರ್ತಿ ಇಮ್ಮಡಿ ಕರ್ಕನನ್ನು ಸೋಲಿಸಿದನು. ತನ್ನ ಸೋದರಳಿಯನೂ ಕೃಷ್ಣನ ಮೊಮ್ಮಗನೂ ಆದ ಇಂದ್ರನಿಗೆ ಪಟ್ಟ ಕಟ್ಟಿ ಆ ವಂಶವನ್ನು ಉಳಿಸಲು ಮಾರಸಿಂಹನು ನಡೆಸಿದ ಪ್ರಯತ್ನ ಫಲಿಸಲಿಲ್ಲ.

ಬಳಿಕ ಅವನು ರಾಜ್ಯವನ್ನು ತ್ಯಜಿಸಿದನು. ಒಂದು ವರ್ಷ ಕಳೆದ ಮೇಲೆ, 974ರ ಸುಮಾರಿಗೆ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ಮೂರು ದಿನಗಳಲ್ಲಿ ದೇಹ ಬಿಟ್ಟನು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನ ಇದನ್ನು ದಾಖಲಿಸಿದೆ. ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಇದೇ ಹಾದಿ ಹಿಡಿದನು.

ಸೋತ ಅರಸನ ಹತಾಶೆಯೇ ವ್ರತದ ವೇಷ ತೊಟ್ಟಿತೆ? ಈ ಸಂಶಯ ಸಹಜವಾದುದು. ಶಾಸನವನ್ನು ಬರೆಸಿದವರು ಅವನ ಅಭಿಮಾನಿಗಳೆಂಬುದನ್ನೂ ಮರೆಯುವಂತಿಲ್ಲ. ಆದರೂ ಸಿಂಹಾಸನ ಬಿಟ್ಟದ್ದಕ್ಕೂ ಅನ್ನ ಬಿಟ್ಟದ್ದಕ್ಕೂ ನಡುವೆ ಒಂದು ವರ್ಷದ ಅಂತರವಿದೆ. ಸೋಲಿನ ಬಿಸಿಯಲ್ಲಿ ಕತ್ತಿಗೆ ಕೊರಳೊಡ್ಡುವುದು ಬೇರೆ, ಗುರುವಿನ ಬಳಿ ಹೋಗಿ ಅನುಮತಿ ಪಡೆಯುವುದು ಬೇರೆ.

ಜೈನ ಆಚಾರಗ್ರಂಥಗಳು ಈ ಭೇದವನ್ನು ಕಟ್ಟುನಿಟ್ಟಾಗಿ ಗುರುತಿಸಿವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ಪರಿಹಾರವಿಲ್ಲದ ವಿಪತ್ತು, ಬರಗಾಲ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಸಲ್ಲೇಖನಕ್ಕೆ ಅವಕಾಶ. ಬದುಕಬೇಕೆಂಬ ಆಸೆಯಂತೆ ಬೇಗ ಸಾಯಬೇಕೆಂಬ ಆಸೆಯೂ ವ್ರತಭಂಗವೇ. ಸಾವನ್ನು ಬಯಸುವವನು ಈ ವ್ರತಕ್ಕೆ ಅರ್ಹನಲ್ಲ.

ಇದಕ್ಕಿಂತಲೂ ಗಮನಾರ್ಹವಾದುದು ಆರೈಕೆಯ ವಿಚಾರ. ಶಿವಾರ್ಯರ ಭಗವತೀ ಆರಾಧನೆಯು ವ್ರತಸ್ಥನ ಸೇವೆಗೆ ನಲವತ್ತೆಂಟು ಮಂದಿ ನಿರ್ಯಾಪಕರನ್ನು ವಿಧಿಸುತ್ತದೆ. ಮೈಯೆತ್ತಿ ಕೂರಿಸುವವರು, ಮಗ್ಗುಲು ಬದಲಿಸುವವರು, ಮಲಮೂತ್ರ ತೆಗೆಯುವವರು, ಧರ್ಮಕಥೆ ಹೇಳುವವರು ಎಂದು ಕೆಲಸಗಳು ಹಂಚಿಕೆಯಾಗಿವೆ. ಕಾಲ ಅನುಕೂಲವಿಲ್ಲದಿದ್ದರೆ ಕನಿಷ್ಠ ಇಬ್ಬರಾದರೂ ಇರಲೇಬೇಕು. ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಹುಟ್ಟಿದ್ದು ಈ ಗ್ರಂಥದ ಕವಚವೆಂಬ ಭಾಗದ ಗಾಹೆಗಳಿಂದ. ನೋವಿನಲ್ಲಿರುವವನಿಗೆ ಕಥೆಯೇ ಕವಚ ಎಂಬುದು ಇದರ ಭಾವ. ಕನ್ನಡದ ಆದಿಗದ್ಯದ ಬೇರು ಹೀಗೆ ಸಾಯುವವನ ಹಾಸಿಗೆಯ ಬಳಿಯಲ್ಲಿದೆ.

ಎಲ್ಲ ಧರ್ಮಗಳೂ ಇದನ್ನು ಒಪ್ಪುವುದಿಲ್ಲ. ಹಿಂದೂ ಪರಂಪರೆಯಲ್ಲಿ ಪ್ರಾಯೋಪವೇಶದ ಉಲ್ಲೇಖಗಳಿವೆ. ಇಸ್ಲಾಂ ಮತ್ತು ಕ್ರೈಸ್ತ ಧರ್ಮಗಳು ಪ್ರಾಣವನ್ನು ದೇವರ ಕೊಡುಗೆಯೆಂದು ಭಾವಿಸಿ, ಅದನ್ನು ತಾನಾಗಿ ಮುಗಿಸುವುದನ್ನು ನಿಷೇಧಿಸುತ್ತವೆ. ಆದರೆ ಹಿರಿಯರ ಸೇವೆ ಕಿರಿಯರ ಕರ್ತವ್ಯ ಎಂಬಲ್ಲಿ ಎಲ್ಲವೂ ಏಕಾಭಿಪ್ರಾಯ ತಳೆದಿವೆ.

ಕಾನೂನಿನ ಹಾದಿಯೂ ಸುಗಮವಾಗಿರಲಿಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. 2018ರ ಮಾರ್ಚ್‌ನಲ್ಲಿ ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿ, ಗುಣವಾಗದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂಪಡೆಯಲು ನಿಬಂಧನೆಗಳೊಡನೆ ಅವಕಾಶ ನೀಡಿತು. ಮದ್ದು ಕೊಟ್ಟು ಪ್ರಾಣ ತೆಗೆಯುವುದಕ್ಕೆ ಅವಕಾಶವಿಲ್ಲ. ಈ ತೀರ್ಪಿನ ಜಾರಿಗಾಗಿ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಮಾರಸಿಂಹನನ್ನು ಯಾರೂ ಹೊರೆಯೆಂದು ಎಣಿಸಿರಲಿಲ್ಲ. ಅವನ ಆಯ್ಕೆ ಅವನದೇ ಆಗಿತ್ತು, ಬಳಿಯಲ್ಲಿ ಗುರುವಿದ್ದನು. ಮನೆಯ ಮೂಲೆಯಲ್ಲಿ ಔಷಧಕ್ಕೂ ಅಳುಕುತ್ತ ಮಲಗಿರುವ ಮುದುಕಿ ತನಗೆ ಸಾವು ಬೇಕೆಂದರೆ ಅದು ಅವಳ ಇಚ್ಛೆಯೋ ಮನೆಯವರ ಮೌನದ ಪ್ರತಿಧ್ವನಿಯೋ ಎಂಬುದನ್ನು ಮೊದಲು ಕೇಳಿಕೊಳ್ಳಬೇಕಾಗುತ್ತದೆ. ಸಾಯುವ ಹಕ್ಕಿನ ಮಾತಿಗೆ ಮುನ್ನ ಮಗ್ಗುಲು ಬದಲಿಸುವ ಇಬ್ಬರನ್ನಾದರೂ ಒದಗಿಸಬೇಕೆಂಬುದು ಆ ಹಳೆಯ ಗ್ರಂಥದ ನಿಯಮ. ಧರ್ಮ ಯಾವುದಾದರೂ ಆ ನಿಯಮವನ್ನು ಇಂದಿನ ಮನೆಗಳೂ ಆಸ್ಪತ್ರೆಗಳೂ ಪಾಲಿಸಬಹುದು.