ಹಿಟ್ಟಿನ ತಟ್ಟೆಯಲ್ಲಿ ಮಳೆ ಹಿಡಿದ ರೈತ

ಕಳೆದ ಏಪ್ರಿಲ್‌ನ ಒಂದು ಸಂಜೆ. ಇಂಟರ್ನಲ್ಸ್ ಬರೆದು ಹಾಸ್ಟೆಲ್‌ಗೆ ಬರುವಷ್ಟರಲ್ಲಿ ಆಕಾಶ ಕಪ್ಪಾಗಿತ್ತು. ಗಾಳಿ, ಗುಡುಗು, ಅದರ ಹಿಂದೆಯೇ ಆಲಿಕಲ್ಲು. ಶೀಟಿನ ಮೇಲೆ ಕಲ್ಲು ಎರಚಿದಂತೆ ಸದ್ದು. ಇಡೀ ಹಾಸ್ಟೆಲ್ ಮೊಬೈಲ್ ಹಿಡಿದು ಕಾರಿಡಾರ್‌ನಲ್ಲಿ ನಿಂತಿತ್ತು. ಹತ್ತು ನಿಮಿಷದಲ್ಲಿ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಮಳೆ.

ಮರುದಿನ ಮನೆಯಿಂದ ಫೋನ್ ಮಾಡಿದ ಅಪ್ಪ ಕೇಳಿದರು: ಆಲಿಕಲ್ಲು ಎಷ್ಟು ದಪ್ಪ ಇತ್ತು, ಎಷ್ಟು ಹೊತ್ತು ಬಿತ್ತು? ನನಗೆ ಉತ್ತರ ಗೊತ್ತಿರಲಿಲ್ಲ. ಮೊಬೈಲ್‌ನಲ್ಲಿ 43 ಫೋಟೊಗಳಿದ್ದವು. ಒಂದರಲ್ಲೂ ಆಲಿಕಲ್ಲಿನ ಪಕ್ಕ ಒಂದು ರೂಪಾಯಿಯ ನಾಣ್ಯ ಇಟ್ಟಿರಲಿಲ್ಲ. ಎಂಜಿನಿಯರಿಂಗ್ ಓದುವ ನಾನು ಅಳತೆಯೇ ಇಲ್ಲದ 43 ಫೋಟೊ ತೆಗೆದಿದ್ದೆ!

ನಾಚಿಕೆಯಾಯಿತು. ಮಳೆಯನ್ನು, ಮಂಜನ್ನು ಸರಿಯಾಗಿ ನೋಡುವುದು ಹೇಗೆ ಎಂದು ಹುಡುಕುತ್ತಾ ಹೋದಾಗ ಸಿಕ್ಕವರು ವಿಲ್ಸನ್ ಬೆಂಟ್ಲಿ. ಹಿಮದ ಹರಳುಗಳ ಫೋಟೊ ತೆಗೆದವರು ಎಂದು ಜಗತ್ತಿಗೆಲ್ಲ ಗೊತ್ತಿರುವ ಹೆಸರು. ಆದರೆ ಅವರು ವಿಜ್ಞಾನಿಯಲ್ಲ, ಹಾಲು ಕರೆಯುತ್ತಿದ್ದ ರೈತ ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮದೂ ಡೇರಿಗೆ ಹಾಲು ಹಾಕುವ ಮನೆ. ಹಾಗಾಗಿ ಅವರ ಕಥೆ ಬೇಗ ಹತ್ತಿರವಾಯಿತು.

ಹತ್ತು ಹಸುಗಳ ಬೆಲೆಯ ಕ್ಯಾಮೆರಾ

ಅಮೆರಿಕದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್ ಎಂಬ ರಾಜ್ಯವಿದೆ. ಅಲ್ಲಿನ ಜೆರಿಕೊ ಎಂಬ ಊರಿನಲ್ಲಿ 1865ರ ಫೆಬ್ರುವರಿ 9ರಂದು ಬೆಂಟ್ಲಿ ಹುಟ್ಟಿದರು. ವರ್ಷಕ್ಕೆ ಸುಮಾರು 120 ಅಂಗುಲ ಹಿಮ ಬೀಳುವ ಜಾಗ. ಅಪ್ಪ ರೈತ. ಅಮ್ಮ ಮದುವೆಗೆ ಮೊದಲು ಶಾಲಾ ಶಿಕ್ಷಕಿ. ಹುಡುಗ 14 ವರ್ಷದವರೆಗೆ ಶಾಲೆಗೆ ಹೋಗಲಿಲ್ಲ, ಅಮ್ಮನೇ ಮನೆಯಲ್ಲಿ ಓದಿಸಿದರು.

15ನೇ ಹುಟ್ಟುಹಬ್ಬಕ್ಕೆ ಅಮ್ಮ ಒಂದು ಹಳೆಯ ಮೈಕ್ರೋಸ್ಕೋಪ್ ಕೊಟ್ಟರು. ಬೇರೆ ಮಕ್ಕಳು ಹಿಮದಲ್ಲಿ ಆಡುವಾಗ ಈ ಹುಡುಗ ಹಿಮವನ್ನು ಮಸೂರದ ಕೆಳಗೆ ಇಟ್ಟ. ಆರು ಮೂಲೆ, ಆರು ತೋಳು, ಪ್ರತಿ ತೋಳಿನಲ್ಲೂ ಕಸೂತಿಯಂಥ ಕೆಲಸ. ಒಂದರಂತೆ ಇನ್ನೊಂದು ಕಾಣಲಿಲ್ಲ. ನೋಡಿದ್ದನ್ನು ಕಾಗದದ ಮೇಲೆ ಬರೆಯಲು ಶುರು ಮಾಡಿದ. ಮೂರು ಚಳಿಗಾಲ ಚಿತ್ರ ಬರೆದರೂ ತೃಪ್ತಿ ಆಗಲಿಲ್ಲ. ಒಂದು ಚಿತ್ರ ಮುಗಿಯುವ ಮೊದಲೇ ಹರಳು ಕರಗಿ ಹೋಗುತ್ತಿತ್ತು.

ಮೈಕ್ರೋಸ್ಕೋಪ್‌ಗೆ ಕ್ಯಾಮೆರಾ ಜೋಡಿಸಬಹುದು ಎಂದು ಎಲ್ಲೋ ಓದಿ ಗೊತ್ತಾಯಿತು. ಆದರೆ ಅದಕ್ಕೆ ಸುಮಾರು 100 ಡಾಲರ್ ಬೇಕು. ಆ ಕಾಲಕ್ಕೆ ಅದು ಹತ್ತು ಹಸುಗಳ ಬೆಲೆ ಎನ್ನುತ್ತಾರೆ. ಅಪ್ಪನಿಗೆ ಇದೆಲ್ಲ ಕೆಲಸವಿಲ್ಲದವರ ಕೆಲಸವಾಗಿ ಕಂಡಿತ್ತು. ಅಮ್ಮ ಬಿಡಲಿಲ್ಲ. ಕೊನೆಗೆ ಮಗನಿಗೆ 17 ತುಂಬಿದಾಗ ಅಪ್ಪ ದುಡ್ಡು ಕೊಟ್ಟರು. ಒಪ್ಪಿ ಕೊಟ್ಟದ್ದಲ್ಲ, ಸೋತು ಕೊಟ್ಟದ್ದು.

ಕ್ಯಾಮೆರಾ ಬಂದ ಕೂಡಲೇ ಫೋಟೊ ಬರಲಿಲ್ಲ. ಹೇಳಿಕೊಡುವವರು ಯಾರೂ ಇರಲಿಲ್ಲ. ಬೆಳಕು ಎಷ್ಟು ಬೇಕು, ಎಷ್ಟು ಸೆಕೆಂಡು ಬಿಡಬೇಕು, ಯಾವುದೂ ಗೊತ್ತಿಲ್ಲ. ಒಂದಾದ ಮೇಲೊಂದು ಪ್ಲೇಟ್ ಹಾಳಾಯಿತು. ಮಸೂರ ಒಂದು ತುದಿಯಲ್ಲಿ, ಗಾಜಿನ ಪರದೆ ಇನ್ನೊಂದು ತುದಿಯಲ್ಲಿ. ಪರದೆ ನೋಡುತ್ತಾ ಫೋಕಸ್ ತಿರುಗಿಸಲು ಕೈ ಎಟುಕುತ್ತಿರಲಿಲ್ಲ. ಬೆಂಟ್ಲಿ ದಾರ ಮತ್ತು ಗಾಲಿಗಳನ್ನು ಕಟ್ಟಿ, ಹಿಂದೆ ನಿಂತೇ ಫೋಕಸ್ ಮಾಡುವ ಏರ್ಪಾಟು ಮಾಡಿಕೊಂಡರು.

ಫೋಟೊ ತೆಗೆಯುವ ಕೋಣೆಯಲ್ಲಿ ಬೆಂಕಿ ಹಾಕುವಂತಿಲ್ಲ, ಹರಳು ಕರಗುತ್ತದೆ. ಕಪ್ಪು ಬಣ್ಣ ಬಳಿದ ಹಲಗೆಯನ್ನು ಹೊರಗೆ ಚಾಚಿ ಹಿಮ ಹಿಡಿಯಬೇಕು. ಉಸಿರು ತಾಗಿದರೂ ಹಾಳು, ಹಾಗಾಗಿ ಉಸಿರು ಬಿಗಿ ಹಿಡಿಯಬೇಕು. ಒಳ್ಳೆಯ ಹರಳನ್ನು ಸಣ್ಣ ಕಡ್ಡಿಯಿಂದ ಎತ್ತಿ ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಬೇಕು. ಇಷ್ಟಕ್ಕೂ ಸಿಗುವುದು ಕೆಲವೇ ನಿಮಿಷ.

1885ರ ಜನವರಿ 15ರಂದು ಮೊದಲ ಬಾರಿಗೆ ಒಂದು ಹಿಮದ ಹರಳು ಸ್ಪಷ್ಟವಾಗಿ ಮೂಡಿತು. ಬೆಂಟ್ಲಿಗೆ ಆಗ 20 ತುಂಬಲು ಇನ್ನೂ 25 ದಿನ ಬಾಕಿ ಇತ್ತು. ಮೈಕ್ರೋಸ್ಕೋಪ್ ಮೂಲಕ ಒಂಟಿ ಹಿಮಹರಳಿನ ಫೋಟೊ ತೆಗೆದ ಮೊದಲಿಗರು ಎಂದು ಅವರನ್ನು ಗುರುತಿಸುತ್ತಾರೆ. ಎರಡು ವರ್ಷದ ನಂತರ ಅಪ್ಪ ತೀರಿಕೊಂಡರು. ಮಗ ಮಾಡಿದ್ದು ದೊಡ್ಡ ಕೆಲಸ ಎಂದು ಅವರಿಗೆ ಕೊನೆಯವರೆಗೂ ಅನ್ನಿಸಲಿಲ್ಲ.

ಊರಿನವರ ಕಣ್ಣಿಗೆ

ಬೆಂಟ್ಲಿ ಊರು ಬಿಡಲಿಲ್ಲ. ಅಣ್ಣ ಚಾರ್ಲ್ಸ್ ಜೊತೆ ಅದೇ ಜಮೀನು, ಅದೇ ಕೊಟ್ಟಿಗೆ ನೋಡಿಕೊಂಡರು. ಮದುವೆಯಾಗಲಿಲ್ಲ. ಬೆಳಿಗ್ಗೆ, ಸಂಜೆ ಹಾಲು ಕರೆಯಬೇಕು. ಹಿಮ ಬಿದ್ದ ದಿನ ಕ್ಯಾಮೆರಾ ಮುಂದೆ ನಿಲ್ಲಬೇಕು. ಊರಿನವರಿಗೆ ಇದು ಹುಚ್ಚಾಟ. ರಾಶಿ ರಾಶಿ ಬೀಳುವ ಹಿಮದ ಫೋಟೊ ಯಾರಿಗೆ ಬೇಕು?

13 ವರ್ಷ ಹೀಗೇ ಕಳೆಯಿತು. 1898ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾರ್ಜ್ ಪರ್ಕಿನ್ಸ್ ಅವರ ನೆರವಿನಿಂದ ಮೊದಲ ಲೇಖನ ಬಂತು. ಆಮೇಲೆ ಬೆಂಟ್ಲಿ ತಾವೇ ಬರೆಯಲು ಕಲಿತರು. ಅಮೆರಿಕದ ಹವಾಮಾನ ಇಲಾಖೆಯ ಮಾಸಪತ್ರಿಕೆ 1902ರಲ್ಲಿ ಅವರ 200ಕ್ಕೂ ಹೆಚ್ಚು ಫೋಟೊಗಳನ್ನು ಪ್ರಕಟಿಸಿತು. ಕಾಲೇಜುಗಳು, ಆಭರಣದ ವಿನ್ಯಾಸ ಮಾಡುವವರು ಫೋಟೊ ಕೇಳಿ ಪತ್ರ ಬರೆದರು. ಒಂದು ಗಾಜಿನ ಸ್ಲೈಡ್‌ಗೆ ಅವರು ತೆಗೆದುಕೊಳ್ಳುತ್ತಿದ್ದುದು 5 ಸೆಂಟ್.

ಅವರ ಮೇಲೆ ಆರೋಪವೂ ಬಂತು. ಇದನ್ನು ಮುಚ್ಚಿಟ್ಟು ಬರೆದರೆ ತಪ್ಪಾಗುತ್ತದೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಹರಳು ಎದ್ದು ಕಾಣುವುದಿಲ್ಲ. ಹಾಗಾಗಿ ಬೆಂಟ್ಲಿ ನೆಗೆಟಿವ್‌ನ ಇನ್ನೊಂದು ಪ್ರತಿ ಮಾಡಿಕೊಂಡು, ಹರಳಿನ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ಆಗ ಹಿನ್ನೆಲೆ ಕಪ್ಪಾಗಿ ಬರುತ್ತಿತ್ತು. ಕೆರೆಯುವಾಗ ಹರಳಿನ ಅಂಚೂ ಬದಲಾಗುತ್ತದೆ ಎಂದು ಜರ್ಮನಿಯ ಹವಾಮಾನ ತಜ್ಞ ಗುಸ್ತಾವ್ ಹೆಲ್ಮನ್ ಆಕ್ಷೇಪಿಸಿದರು. ಇನ್ನೊಂದು ಮಾತೂ ನಿಜ. ಆಕಾಶದಿಂದ ಬೀಳುವ ಹರಳುಗಳಲ್ಲಿ ಬಹುಪಾಲು ಮುರಿದವು, ಸೊಟ್ಟಗಿನವು. ಬೆಂಟ್ಲಿ ಹೆಚ್ಚಾಗಿ ಆರಿಸಿದ್ದು ಅಚ್ಚುಕಟ್ಟಾಗಿದ್ದವುಗಳನ್ನು. ಚೆಂದ ಮತ್ತು ಸತ್ಯ ಎರಡನ್ನೂ ಪ್ರೀತಿಸಿದವರಿಗೆ ಬರುವ ತೊಡಕು ಇದು. ಲ್ಯಾಬ್‌ನಲ್ಲಿ ಗ್ರಾಫಿಗೆ ಹೊಂದದ ರೀಡಿಂಗನ್ನು ಮೆಲ್ಲಗೆ ಬಿಟ್ಟುಬಿಡುವ ನಮಗೆ ಈ ಪ್ರಶ್ನೆ ಹೊಸದಲ್ಲ.

ಗುಡುಗು ಮಳೆಯ ಲೆಕ್ಕ

ನನಗೆ ತುಂಬ ಇಷ್ಟವಾದ ಭಾಗ ಹಿಮದ್ದಲ್ಲ, ಮಳೆಯದ್ದು. ಇದನ್ನು ತಿಳಿದವರು ಕಡಿಮೆ.

ಚಳಿಗಾಲ ಮುಗಿದರೆ ಹಿಮ ಇಲ್ಲ. ಬೇಸಿಗೆಯಲ್ಲಿ ಜೆರಿಕೊದಲ್ಲಿ ಗುಡುಗು ಮಳೆ. ಒಂದು ಮಳೆಹನಿ ಎಷ್ಟು ದೊಡ್ಡದಿರುತ್ತದೆ ಎಂದು ಬೆಂಟ್ಲಿಗೆ ಕುತೂಹಲ ಹುಟ್ಟಿತು. ಬೀಳುವ ಹನಿಯನ್ನು ಅಳೆಯುವುದು ಹೇಗೆ? ಅವರು ಕಂಡುಕೊಂಡ ದಾರಿ ಅಡುಗೆ ಮನೆಯದ್ದು. ತಟ್ಟೆಯಲ್ಲಿ ಒಂದು ಅಂಗುಲ ದಪ್ಪಕ್ಕೆ ಜರಡಿ ಹಿಡಿದ ನುಣ್ಣನೆ ಹಿಟ್ಟು ಹರಡಿ, ಮಳೆಯಲ್ಲಿ ಕೆಲವೇ ಸೆಕೆಂಡು ಹಿಡಿಯುವುದು. ಒಂದೊಂದು ಹನಿಯೂ ಹಿಟ್ಟಿನಲ್ಲಿ ಒಂದು ಸಣ್ಣ ಉಂಡೆಯಾಗುತ್ತದೆ. ಒಣಗಿದ ಮೇಲೆ ಉಂಡೆಗಳನ್ನು ಆರಿಸಿ ಅಳೆಯುವುದು.

ಉಂಡೆಯ ಗಾತ್ರವೇ ಹನಿಯ ಗಾತ್ರ ಎಂದು ನಂಬುವುದು ಹೇಗೆ? ಈ ಪ್ರಶ್ನೆಯನ್ನೂ ಅವರೇ ಕೇಳಿಕೊಂಡರು. ಮೊದಲೇ ಅಳೆದ ನೀರಿನ ಹನಿಗಳನ್ನು ಎತ್ತರದಿಂದ ಹಿಟ್ಟಿಗೆ ಬೀಳಿಸಿ, ಎರಡನ್ನೂ ಹೋಲಿಸಿ, ಸರಿಹೊಂದುತ್ತದೆ ಎಂದು ಖಾತ್ರಿ ಮಾಡಿಕೊಂಡರು. ನಾವು ಕ್ಯಾಲಿಬ್ರೇಷನ್ ಎಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುವುದನ್ನು, ಕಾಲೇಜಿನ ಮೆಟ್ಟಿಲು ಹತ್ತದ ರೈತ ಕೊಟ್ಟಿಗೆಯ ಪಕ್ಕದಲ್ಲಿ ನಿಂತು ಮಾಡಿದ್ದರು.

1898ರಿಂದ 1904ರವರೆಗೆ 70 ಮಳೆಗಳಿಂದ 344 ಮಾದರಿ ಸಂಗ್ರಹಿಸಿದರು. ಪ್ರತಿ ಬಾರಿಯೂ ಮೋಡ ಯಾವ ಬಗೆಯದು, ಮಿಂಚು ಗುಡುಗು ಹೇಗಿತ್ತು ಎಂದು ಬರೆದಿಟ್ಟರು. ಕಂಡದ್ದು ಇಷ್ಟು: ತೆಳುವಾದ, ಕೆಳಗಿನ ಮೋಡ ಕೊಡುವುದು ಸಣ್ಣ ಹನಿ. ಎತ್ತರಕ್ಕೆ ಬೆಳೆದ ಗುಡುಗು ಮೋಡ ಕೊಡುವುದು ದಪ್ಪ ಹನಿ. ಎಷ್ಟೇ ದೊಡ್ಡದಾದರೂ ಹನಿ ಸುಮಾರು ಕಾಲು ಅಂಗುಲ, ಅಂದರೆ 6 ಮಿಲಿಮೀಟರ್ ದಾಟುವುದಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಮಳೆ ಹುಟ್ಟುವುದು ಎರಡು ರೀತಿ ಎಂದರು. ಕೆಲವು ಹನಿ ಮೋಡದ ನೀರಿನಿಂದಲೇ ಆಗುತ್ತವೆ. ಇನ್ನು ಕೆಲವು, ಮುಖ್ಯವಾಗಿ ಗುಡುಗು ಮಳೆಯ ದಪ್ಪ ಹನಿಗಳು, ಮೇಲೆ ಹಿಮವಾಗಿ ಹುಟ್ಟಿ, ಇಳಿಯುತ್ತಾ ಕರಗಿ ನೀರಾಗುತ್ತವೆ. ವಿಜ್ಞಾನಲೋಕ ಹಿಮದಿಂದ ಮಳೆಯಾಗುವ ಸಿದ್ಧಾಂತವನ್ನು ಗಂಭೀರವಾಗಿ ಚರ್ಚಿಸಿದ್ದು 1930ರ ದಶಕದಲ್ಲಿ. ನಮ್ಮ ಏಪ್ರಿಲ್ ಮಳೆಗೂ ಈ ಮಾತು ಅನ್ವಯಿಸುತ್ತದೆ. ಕೆಳಗೆ ಸೆಕೆಯಿದ್ದರೂ ಸುಮಾರು 5 ಕಿಲೋಮೀಟರ್ ಮೇಲೆ ತಾಪ ಸೊನ್ನೆಗಿಳಿಯುತ್ತದೆ. ಗುಡುಗು ಮೋಡ ಅದಕ್ಕಿಂತ ಎಷ್ಟೋ ಎತ್ತರಕ್ಕೆ ಬೆಳೆಯುತ್ತದೆ. ಆಲಿಕಲ್ಲು ಅಲ್ಲಿಂದ ಕರಗದೆ ಬಂದ ಅತಿಥಿ. ನಮ್ಮ ಮೈ ನೆನೆಸುವ ಎಷ್ಟೋ ದಪ್ಪ ಹನಿಗಳು ದಾರಿಯಲ್ಲಿ ಕರಗಿ ಬಂದ ಅದರ ನೆಂಟರು.

1904ರಲ್ಲಿ ಪ್ರಬಂಧ ಪ್ರಕಟವಾಯಿತು. ಯಾರೂ ಗಮನಿಸಲಿಲ್ಲ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಬೆಂಟ್ಲಿ ಮಳೆ ಬಿಟ್ಟು ಮತ್ತೆ ಹಿಮದ ಕಡೆಗೇ ಹೆಚ್ಚು ತಿರುಗಿದರು. ಸುಮಾರು 40 ವರ್ಷದ ನಂತರ, 1943ರಲ್ಲಿ, ಮಣ್ಣಿನ ಸವೆತದ ಅಧ್ಯಯನ ಮಾಡುತ್ತಿದ್ದ ಲಾಸ್ ಮತ್ತು ಪಾರ್ಸನ್ಸ್ ಎಂಬ ಸಂಶೋಧಕರು ಹಿಟ್ಟಿನ ವಿಧಾನದಿಂದಲೇ ಮಳೆಹನಿಗಳನ್ನು ಅಳೆದು ಹೆಸರಾದರು. ನೋಡಲು ಬೆಂಟ್ಲಿ ಇರಲಿಲ್ಲ. ಮುಂದೆ ವಾತಾವರಣ ವಿಜ್ಞಾನಿ ಡಂಕನ್ ಬ್ಲ್ಯಾಂಚರ್ಡ್ ಅವರ ಮಳೆಯ ಕೆಲಸವನ್ನು ಮತ್ತೆ ಬೆಳಕಿಗೆ ತಂದು, 1998ರಲ್ಲಿ ಜೀವನಚರಿತ್ರೆಯನ್ನೇ ಬರೆದರು.

25 ಡಾಲರ್ ಮತ್ತು ಒಂದು ಪುಸ್ತಕ

ಮನ್ನಣೆ ಬಂದದ್ದು ತಡವಾಗಿ. 1924ರಲ್ಲಿ ಅಮೆರಿಕದ ಹವಾಮಾನ ಸಂಘ ಅವರಿಗೆ ಸಂಶೋಧನಾ ನೆರವು ಕೊಟ್ಟಿತು. ನಾಲ್ಕು ದಶಕದ ದುಡಿಮೆಗೆ ಸಿಕ್ಕ ಮೊತ್ತ 25 ಡಾಲರ್.

ಬದುಕಿನಲ್ಲಿ ಅವರು ತೆಗೆದ ಹಿಮಹರಳುಗಳ ಫೋಟೊ 5,000ಕ್ಕೂ ಹೆಚ್ಚು. ಎಲ್ಲವೂ ಅಪ್ಪ ಕೊಡಿಸಿದ ಅದೇ ಕ್ಯಾಮೆರಾದಲ್ಲಿ. ಹವಾಮಾನ ಇಲಾಖೆಯ ಭೌತವಿಜ್ಞಾನಿ ವಿಲಿಯಂ ಹಂಫ್ರೀಸ್ ಜೊತೆ ಸೇರಿ, 2,400ಕ್ಕೂ ಹೆಚ್ಚು ಚಿತ್ರಗಳ ಪುಸ್ತಕವನ್ನು 1931ರ ನವೆಂಬರ್‌ನಲ್ಲಿ ಹೊರತಂದರು. ಮರುತಿಂಗಳೇ ಹಿಮಗಾಳಿಯಲ್ಲಿ ಆರು ಮೈಲಿ ನಡೆದು ಮನೆಗೆ ಬಂದವರು ನ್ಯುಮೋನಿಯಾಕ್ಕೆ ತುತ್ತಾದರು. ಡಿಸೆಂಬರ್ 23ರಂದು ತೀರಿಕೊಂಡಾಗ ವಯಸ್ಸು 66.

ಆ ಪುಸ್ತಕ ಜಪಾನ್ ತಲುಪಿತು. ಅದರಿಂದ ಪ್ರೇರಣೆ ಪಡೆದ ಉಕಿಚಿರೊ ನಾಕಾಯಾ ಎಂಬ ಭೌತವಿಜ್ಞಾನಿ 1936ರಲ್ಲಿ ಪ್ರಯೋಗಾಲಯದಲ್ಲಿಯೇ ಹಿಮದ ಹರಳು ಬೆಳೆಸಿದರು. ಯಾವ ತಾಪ, ಎಷ್ಟು ತೇವದಲ್ಲಿ ಯಾವ ಆಕಾರ ಬರುತ್ತದೆ ಎಂದು ತೋರಿಸಿಕೊಟ್ಟರು. ಬೆಂಟ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದ್ದು ಭೂಮಿಯ ಇನ್ನೊಂದು ಬದಿಯಲ್ಲಿ.

ಇದರಿಂದ ಏನು ಸಿಗುತ್ತೆ?

ಇದನ್ನೆಲ್ಲ ರೂಮ್‌ಮೇಟ್‌ಗೆ ಹೇಳಿದೆ. ಅವನು ಕೇಳಿದ್ದು ಒಂದೇ: ಇದರಿಂದ ಪ್ಲೇಸ್‌ಮೆಂಟ್ ಆಗುತ್ತಾ? ನಗಬೇಡಿ, ನ್ಯಾಯವಾದ ಪ್ರಶ್ನೆ. ನನಗೂ ಎರಡು ಬ್ಯಾಕ್‌ಲಾಗ್ ಇವೆ. ಲ್ಯಾಪ್‌ಟಾಪ್‌ನ ಕಂತು ಅಪ್ಪನ ಹಾಲಿನ ದುಡ್ಡಿನಲ್ಲಿ ಹೋಗುತ್ತಿದೆ. ಇಷ್ಟವಾದದ್ದನ್ನು ಹಿಡಿದು ಎಲ್ಲ ಬಿಟ್ಟು ಹೊರಡಿ ಎಂದು ಹೇಳುವ ಧೈರ್ಯ ನನಗಿಲ್ಲ.

ಬೆಂಟ್ಲಿಯೂ ಹಾಗೆ ಹೊರಡಲಿಲ್ಲ. ಹಿಮ ಅವರಿಗೆ ಅನ್ನ ಕೊಡಲಿಲ್ಲ. ಅನ್ನ ಕೊಟ್ಟದ್ದು ಹಸುಗಳು. ಕೊನೆಯವರೆಗೂ ಎರಡೂ ಕೆಲಸ ಒಟ್ಟಿಗೇ ನಡೆದವು. ಸಂದರ್ಶನದಲ್ಲಿ ಆಯ್ಕೆಯಾಗದ ದಿನವೂ ನಮ್ಮದು ಎನ್ನಬಹುದಾದ ಒಂದು ಕೆಲಸ ಕೈಯಲ್ಲಿದ್ದರೆ, ಆ ದಿನ ಪೂರ್ತಿ ಸೋತಂತೆ ಆಗುವುದಿಲ್ಲ. ನನಗೆ ದಕ್ಕಿದ್ದು ಇಷ್ಟೇ.

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ನಾನೂ ಪ್ರಯತ್ನಿಸಿದೆ. ಸ್ಟೀಲ್ ತಟ್ಟೆ, ಅರ್ಧ ಕೆ.ಜಿ. ಮೈದಾ. ಮಳೆ ಶುರುವಾದ ಕೂಡಲೇ ಅಂಗಳಕ್ಕೆ ಓಡಿ, ಐದು ಎಣಿಸಿ ಒಳಗೆ ಬಂದೆ. ಹಿಟ್ಟು ಹಾಳು ಮಾಡಿದ್ದಕ್ಕೆ ಅಮ್ಮ ಬೈದರು. ಒಣಗಿದ ಮೇಲೆ ಜರಡಿ ಹಿಡಿದರೆ ಸಾಸಿವೆಯಷ್ಟರಿಂದ ಕಡಲೆಬೇಳೆಯಷ್ಟರವರೆಗೆ ಉಂಡೆಗಳು ಸಿಕ್ಕವು. ದೊಡ್ಡದು 5 ಮಿಲಿಮೀಟರ್. ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಹೊತ್ತು, ಮೋಡ, ಅಳತೆ ಎಲ್ಲ ಬರೆದೆ. ಅಪ್ಪ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಹಾಲು ಹಾಕಲು ಡೇರಿಗೆ ಹೊರಟರು.

ಕಾಲೇಜು ಶುರುವಾಗಿ ಎರಡು ವಾರ ಆಗಿತ್ತು. ರಾತ್ರಿ ಅಪ್ಪನ ಫೋನ್ ಬಂತು. ಸಾಮಾನ್ಯವಾಗಿ ಅವರು ಕೇಳುವುದು ಊಟ ಆಯ್ತಾ, ಪರೀಕ್ಷೆ ಯಾವಾಗ ಎಂದು. ಅಂದು ಅದಕ್ಕೂ ಮೊದಲು ಹೇಳಿದ್ದು ಬೇರೆ. ಸಂಜೆ ಐದೂವರೆಗೆ ಮಳೆ ಬಂತಂತೆ. ಇಪ್ಪತ್ತು ನಿಮಿಷ ಬಿತ್ತಂತೆ. ಗುಡುಗಿತ್ತಂತೆ. ಹನಿ ದಪ್ಪ ಇದ್ದವಂತೆ.

ನೋಟ್‌ಬುಕ್ ತೆಗೆದು ಬರೆದುಕೊಂಡೆ.