ಕಣ್ಣಿನ ಡಾಕ್ಟರ್ ಮೋದಿ ಮತ್ತು ಶಿಬಿರಕ್ಕೆ ಕಾಣದ ಕುರುಡು

ಈಗ ಮೋದಿ ಅಂದರೆ ಬೇರೆ ಮುಖ ನೆನಪಾಗುತ್ತೆ. ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಮೋದಿ ಅಂದರೆ ಕಣ್ಣಿನ ಡಾಕ್ಟರು. ಮುರುಗಪ್ಪ ಚನ್ನವೀರಪ್ಪ ಮೋದಿ ಹುಟ್ಟಿದ್ದು ಬೀಳಗಿಯಲ್ಲಿ. ಆಗ ಅದು ಬಿಜಾಪುರ ಜಿಲ್ಲೆ, ಈಗ ಬಾಗಲಕೋಟೆ. ಗಾಂಧೀಜಿಯ ಪ್ರಭಾವದಿಂದ 1940ರ ದಶಕದಲ್ಲಿ ಉಚಿತ ನೇತ್ರ ಶಿಬಿರ ಶುರು ಮಾಡಿದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಜೀವಮಾನದ ಲೆಕ್ಕ ಸುಮಾರು 6 ಲಕ್ಷ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 2005ರ ನವೆಂಬರಿನಲ್ಲಿ ತೀರಿಕೊಂಡರು.

ಇಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಎದ್ದು ಕಾಣೋದು ದಾನಗುಣಕ್ಕಿಂತ ವ್ಯವಸ್ಥೆ. ರೋಗಿ ಆಸ್ಪತ್ರೆಗೆ ಹೋಗಲಾರ ಅಂದರೆ ಆಸ್ಪತ್ರೆಯೇ ಊರಿಗೆ ಬರಬೇಕು. ಮೋತಿಬಿಂದುವಿಗೆ ಇದು ಸರಿಹೊಂದಿತು. ಪೊರೆ ಕಾಣುತ್ತೆ, ತೆಗೆದರೆ ದೃಷ್ಟಿ ಬರುತ್ತೆ.

ಆದರೆ ಎಲ್ಲ ಕುರುಡೂ ಪೊರೆಯದ್ದಲ್ಲ. ದೃಷ್ಟಿನರಕ್ಕೆ ಉರಿಯೂತ ಬಂದಾಗ ಕಣ್ಣು ಹೊರಗಿಂದ ಚೆನ್ನಾಗೇ ಇರುತ್ತೆ. ಹೊರಳಿಸಿದರೆ ನೋವು, ಕೆಂಪು ಬಣ್ಣ ಮಾಸಿದಂತೆ ಕಾಣೋದು, ಕೆಲವೇ ದಿನದಲ್ಲಿ ಮಬ್ಬು. ಮಿದುಳಿನ ಹೊದಿಕೆಯೇ ಉರಿಯೂತದಿಂದ ದಪ್ಪಗಾಗಿ ನರ ಒತ್ತಿದರೆ ಜೊತೆಗೆ ಬಿಡದ ತಲೆನೋವು. ಇಂಥ ಅಪರೂಪದ ಕಾಯಿಲೆಗಳಲ್ಲಿ ಎನ್‌ಎಂಒ ಒಂದು. ಅದನ್ನು ಗುರುತಿಸಿಕೊಡುವ ಪ್ರತಿಕಾಯ ರಕ್ತದಲ್ಲಿ ಪತ್ತೆಯಾಗಿದ್ದು 2004ರಲ್ಲಿ, ಮೋದಿಯವರು ತೀರಿಕೊಳ್ಳುವ ಹಿಂದಿನ ವರ್ಷ. ಅವರ ಶಿಬಿರಗಳಿಗೆ ಈ ಪರೀಕ್ಷೆ ಸಿಗುವಂತೆಯೇ ಇರಲಿಲ್ಲ.

ನಮಗೆ ಆ ನೆಪ ಇಲ್ಲ. ಎಂಆರ್‌ಐ, ಬೆನ್ನುಹುರಿಯ ನೀರಿನ ಪರೀಕ್ಷೆ, ರಕ್ತಪರೀಕ್ಷೆ ಎಲ್ಲ ಇವೆ. ಟಿಬಿಯೂ ಇದೇ ಥರ ಕಾಣಿಸಿಕೊಳ್ಳಬಹುದು. ಅದಕ್ಕೆ ಔಷಧ ಕೊಡದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಅಪಾಯ. ಹಾಗಾಗಿ ಪರೀಕ್ಷೆ ಬೇಕೇ ಬೇಕು, ಅದೂ ಬೇಗ. ತಡವಾದರೆ ಹೋದ ದೃಷ್ಟಿ ಮರಳದೇ ಇರಬಹುದು.

ಮೊದಲ ಹೆಜ್ಜೆಗೆ ಒಂದು ಟಾರ್ಚ್ ಸಾಕು. ಒಂದು ಕಣ್ಣಿಂದ ಇನ್ನೊಂದಕ್ಕೆ ಬೆಳಕು ಸರಿಸಿ ನೋಡೋದು. ನರ ಸೊರಗಿದ ಕಣ್ಣಿನ ಮೇಲೆ ಬೆಳಕು ಬಂದಾಗ ಪಾಪೆ ಕುಗ್ಗುವ ಬದಲು ಹಿಗ್ಗುತ್ತೆ. ಎರಡೂ ನರ ಸಮನಾಗಿ ಕೆಟ್ಟಿದ್ದರೆ ಇದು ತಿಳಿಯಲ್ಲ. ಆದರೂ ಒಂದೇ ಕಣ್ಣಿಗೆ ಬಂದದ್ದು ಸಿಕ್ಕಿಬೀಳುತ್ತೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಾಸಕರು ನೇತ್ರ ಶಿಬಿರ ಉದ್ಘಾಟಿಸಲು ಬಂದಾಗ ಎಷ್ಟು ಆಪರೇಷನ್ ಆಯ್ತು ಅಂತ ಮಾತ್ರ ಕೇಳಬೇಡಿ. ಪೊರೆ ಇಲ್ಲದೆಯೂ ಕಣ್ಣು ಕಾಣದವರನ್ನು ಯಾರು ನೋಡಿದರು, ಅವರಿಗೆ ಅದೇ ವಾರ ಎಂಆರ್‌ಐ ಎಲ್ಲಿ ಮಾಡಿಸಿದರು, ಬಸ್ಸಿನ ಖರ್ಚು ಯಾರು ಕೊಟ್ಟರು ಅಂತಲೂ ಕೇಳಿ.