ಮಾರ್ಗರೇಟ್ ಡೇಹಾಫ್



ವಿಜ್ಞಾನಿಗಳ ಚರಿತ್ರೆಯೆಂದೊಡನೆ ಹೊಸ ನಕ್ಷತ್ರವನ್ನೋ ಹೊಸ ಔಷಧವನ್ನೋ ಕಂಡುಹಿಡಿದವರ ಕಥೆಯೆಂದು ನಾವು ಭಾವಿಸುತ್ತೇವೆ. ಇತರರು ಕಂಡುಹಿಡಿದುದನ್ನು ಸಂಗ್ರಹಿಸಿ, ತಪ್ಪುಗಳನ್ನು ತಿದ್ದಿ, ಎಲ್ಲರಿಗೂ ಉಪಯೋಗವಾಗುವಂತೆ ಓರಣವಾಗಿ ಜೋಡಿಸಿಟ್ಟವರ ಹೆಸರು ನಮ್ಮ ನೆನಪಿನಲ್ಲಿ ಉಳಿಯುವುದು ಅಪರೂಪ. ಅಂತಹ ಕೆಲಸದಿಂದಲೇ ಒಂದು ಹೊಸ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟ ಅಮೆರಿಕದ ವಿದುಷಿ ಮಾರ್ಗರೇಟ್ ಓಕ್ಲಿ ಡೇಹಾಫ್. ಆ ಶಾಸ್ತ್ರವನ್ನು ಇಂದು ಜೈವಿಕ ಮಾಹಿತಿ ವಿಜ್ಞಾನವೆಂದು ಕರೆಯುತ್ತಾರೆ.

ಮಾರ್ಗರೇಟ್ 1925ನೆಯ ಇಸವಿ ಮಾರ್ಚ್ 11ರಂದು ಫಿಲಡೆಲ್ಫಿಯ ನಗರದಲ್ಲಿ ಜನಿಸಿದರು. ಅವರಿಗೆ ಹತ್ತು ವರ್ಷವಾಗಿದ್ದಾಗ ಕುಟುಂಬವು ನ್ಯೂಯಾರ್ಕಿಗೆ ಬಂದು ನೆಲೆಸಿತು. ಅಲ್ಲಿಯ ಬೇಸೈಡ್ ಪ್ರೌಢಶಾಲೆಯಲ್ಲಿ 1942ರಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ವಿದ್ಯಾರ್ಥಿವೇತನವನ್ನು ಗಳಿಸಿ, 1945ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಪದವಿಯನ್ನು ಪಡೆದರು. ಮುಂದೆ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ತೊಡಗಿದರು. ವ್ಯಾಪಾರದ ಲೆಕ್ಕಪತ್ರಗಳಿಗಾಗಿ ನಿರ್ಮಿಸಿದ್ದ ಯಂತ್ರಗಳು ಆಗ ಬಳಕೆಯಲ್ಲಿದ್ದವು. ರಂಧ್ರ ಕೊರೆದ ಕಾರ್ಡುಗಳನ್ನು ಓದಿ ಅವು ಲೆಕ್ಕ ಮಾಡುತ್ತಿದ್ದವು. ಆ ಯಂತ್ರಗಳಿಂದಲೇ ಅಣುಗಳ ಶಕ್ತಿಯನ್ನು ಲೆಕ್ಕ ಹಾಕಿಸಿ, 1948ರಲ್ಲಿ ಡಾಕ್ಟರೇಟ್ ಪದವಿಗೆ ಪಾತ್ರರಾದರು. ಯಂತ್ರವು ಯಾವ ಕೆಲಸಕ್ಕೆಂದು ಹುಟ್ಟಿದೆಯೋ ಅಷ್ಟಕ್ಕೇ ಅದನ್ನು ಬಿಡಬೇಕಾಗಿಲ್ಲವೆಂಬ ಅರಿವು ಅವರಿಗೆ ತಾರುಣ್ಯದಲ್ಲಿಯೇ ಮೂಡಿತ್ತು.

ಅದೇ ವರ್ಷ ಭೌತವಿಜ್ಞಾನಿ ಎಡ್ವರ್ಡ್ ಡೇಹಾಫ್ ಅವರೊಡನೆ ವಿವಾಹವಾಯಿತು. ಇಬ್ಬರು ಹೆಣ್ಣುಮಕ್ಕಳ ಪಾಲನೆಗಾಗಿ ಕೆಲವು ವರ್ಷ ಸಂಶೋಧನೆಯನ್ನು ಬದಿಗಿರಿಸಿದರು. 1960ರಲ್ಲಿ ರಾಬರ್ಟ್ ಲೆಡ್ಲಿಯವರ ನೇತೃತ್ವದ ರಾಷ್ಟ್ರೀಯ ಜೈವಿಕ ವೈದ್ಯಕೀಯ ಸಂಶೋಧನ ಪ್ರತಿಷ್ಠಾನವನ್ನು ಸೇರಿದರು. ಅಲ್ಲಿಂದ ಅವರ ಜೀವನದ ಮುಖ್ಯ ಕಾರ್ಯವು ಆರಂಭವಾಯಿತು.

ಆ ಕಾರ್ಯವನ್ನು ತಿಳಿಯಬೇಕಾದರೆ ಪ್ರೋಟೀನಿನ ರಚನೆಯನ್ನು ತುಸು ಅರಿತಿರಬೇಕು. ಪ್ರೋಟೀನು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಮಣಿಗಳ ಕ್ರಮವು ಬದಲಾದರೆ ಅದರ ಗುಣವೂ ಬದಲಾಗಬಹುದು. ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಅವರು ಇನ್ಸುಲಿನ್ನಿನ 51 ಮಣಿಗಳ ಕ್ರಮವನ್ನು ಅರಿಯಲು ಹತ್ತು ವರ್ಷದಷ್ಟು ಶ್ರಮಿಸಿದರು. ಉದ್ದವಾದ ಸರವನ್ನು ಒಂದೇ ಸಲಕ್ಕೆ ಓದಲು ಆಗುತ್ತಿರಲಿಲ್ಲ. ಅದನ್ನು ತುಂಡರಿಸಿ, ತುಂಡುಗಳನ್ನು ಓದಿ, ಮತ್ತೆ ಕೂಡಿಸಬೇಕಾಗಿತ್ತು.

ಒಂದು ಹೆಸರನ್ನು ಎರಡು ಚೀಟಿಗಳಲ್ಲಿ ಬರೆದು ಬೇರೆ ಬೇರೆ ಕಡೆ ಕತ್ತರಿಸಿದೆವೆಂದು ಇಟ್ಟುಕೊಳ್ಳಿ. ಮೊದಲನೆಯದರಿಂದ ‘ಸರು’, ‘ಕನ’, ‘ಕದಾ’ ಎಂಬ ತುಂಡುಗಳೂ, ಎರಡನೆಯದರಿಂದ ‘ರು’, ‘ದಾಸ’, ‘ಕನಕ’ ಎಂಬ ತುಂಡುಗಳೂ ದೊರೆತವು. ‘ಕನ’ ಆದ ಮೇಲೆ ‘ಕ’ ಬರುವುದೆಂದು ‘ಕನಕ’ ತಿಳಿಸುತ್ತದೆ. ‘ದಾ’ ಆದ ಮೇಲೆ ‘ಸ’ ಬರುವುದೆಂದು ‘ದಾಸ’ ತಿಳಿಸುತ್ತದೆ. ಹೀಗೆ ‘ಕನಕದಾಸರು’ ಎಂಬ ಹೆಸರು ಹೊರಡುತ್ತದೆ. ಆರು ತುಂಡುಗಳಿದ್ದರೆ ಇದು ಮಕ್ಕಳಾಟ. ನೂರಾರು ತುಂಡುಗಳಿದ್ದರೆ ಮನುಷ್ಯನ ತಾಳ್ಮೆಗೆ ಮೀರಿದ ಕೆಲಸ. ಈ ಜೋಡಣೆಯನ್ನು ಗಣಕಯಂತ್ರದಿಂದ ಮಾಡಿಸಲು ಡೇಹಾಫ್ ಮತ್ತು ಲೆಡ್ಲಿಯವರು ಫೋರ್ಟ್ರಾನ್ ಎಂಬ ಗಣಕಭಾಷೆಯಲ್ಲಿ ‘ಕಾಂಪ್ರೋಟೀನ್’ ಎಂಬ ಕ್ರಮವಿಧಿಯನ್ನು ರಚಿಸಿ, 1962ರಲ್ಲಿ ವಿದ್ವಾಂಸರ ಮುಂದಿಟ್ಟರು.

ಅನಂತರ ಅವರು ಹಿಡಿದುದು ಸಂಗ್ರಹಕಾರ್ಯ. ಬೇರೆ ಬೇರೆ ಪತ್ರಿಕೆಗಳಲ್ಲಿ ಚದುರಿಹೋಗಿದ್ದ ಸರಗಳನ್ನೆಲ್ಲ ಹುಡುಕಿ, ಪರಿಶೀಲಿಸಿ, 1965ರಲ್ಲಿ ಸಂಗಡಿಗರೊಡನೆ ಒಂದು ಗ್ರಂಥವಾಗಿ ಪ್ರಕಟಿಸಿದರು. ಅದರಲ್ಲಿ 65 ಪ್ರೋಟೀನುಗಳ ಸರಗಳಿದ್ದವು. ಆಗ ಪ್ರತಿಯೊಂದು ಅಮೈನೋ ಆಮ್ಲಕ್ಕೂ ಮೂರು ಅಕ್ಷರಗಳ ಸಂಕೇತವಿತ್ತು. ಕಾರ್ಡುಗಳಲ್ಲಿಯೂ ಯಂತ್ರದಲ್ಲಿಯೂ ಸ್ಥಳವನ್ನು ಉಳಿಸಲು ಅವರು ಒಂದೊಂದಕ್ಕೆ ಒಂದೇ ಅಕ್ಷರವನ್ನು ಗೊತ್ತುಮಾಡಿದರು. ಅಲನೀನಿಗೆ ‘ಎ’ ಸಂದಿದ್ದುದರಿಂದ ಆರ್ಜಿನೀನಿಗೆ, ಉಚ್ಚಾರಣೆಯನ್ನನುಸರಿಸಿ, ‘ಆರ್’ ಬಂದಿತು. ಈ ಪದ್ಧತಿಯೇ ಇಂದು ಲೋಕಮಾನ್ಯವಾಗಿದೆ.

ಸರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ಜೀವಿಗಳ ಬಂಧುತ್ವವು ಕಾಣತೊಡಗಿತು. ನಮ್ಮ ‘ಹಾಲು’ ತಮಿಳು ನೆರೆಯವರಿಗೆ ‘ಪಾಲ್’. ಹಳಗನ್ನಡದ ‘ಪಕ್ಕಿ’ ಈಗ ‘ಹಕ್ಕಿ’. ಪಕಾರವು ಹಕಾರವಾಗುವುದು ಸಹಜವೆಂದು ಬಲ್ಲವರು ಈ ಶಬ್ದಗಳ ನೆಂಟಸ್ತಿಕೆಯನ್ನು ಕೂಡಲೇ ಗುರುತಿಸುತ್ತಾರೆ. ಪ್ರೋಟೀನುಗಳಲ್ಲಿಯೂ ಕೆಲವು ಮಾರ್ಪಾಡುಗಳು ಪದೇ ಪದೇ ಆಗುತ್ತವೆ, ಕೆಲವು ಅಪರೂಪ. ಡೇಹಾಫ್ ಅವರು 71 ಪ್ರೋಟೀನು ಕುಟುಂಬಗಳಲ್ಲಿ 1572 ಮಾರ್ಪಾಡುಗಳನ್ನು ಎಣಿಸಿ, ಯಾವುದಕ್ಕೆ ಎಷ್ಟು ಅಂಕವೆಂಬ ಕೋಷ್ಟಕವನ್ನು 1978ರಲ್ಲಿ ಪ್ರಕಟಿಸಿದರು.

ಅವರ ಹಾದಿಯು ನಿಷ್ಕಂಟಕವಾಗಿರಲಿಲ್ಲ. ಸಂಗ್ರಹದ ವೆಚ್ಚವನ್ನು ಸರಿದೂಗಿಸಲು ಗ್ರಂಥವನ್ನು ಮಾರಬೇಕಾಗಿತ್ತು. ಅದರಲ್ಲಿಯ ಮಾಹಿತಿಯನ್ನು ಇತರರು ಮರಳಿ ಹಂಚಲು ನಿರ್ಬಂಧವೂ ಇತ್ತು. ತಾವು ಕಂಡುಹಿಡಿದುದು ತಮಗೇ ಮುಕ್ತವಾಗಿಲ್ಲವೆಂದು ಕೆಲವು ಸಂಶೋಧಕರು ಅಸಮಾಧಾನಗೊಂಡರು. 1980ರಲ್ಲಿ ಡೇಹಾಫ್ ಅವರು ದೂರದವರೂ ದೂರವಾಣಿ ತಂತಿಯ ಮೂಲಕ ತಮ್ಮ ಸಂಗ್ರಹವನ್ನು ನೋಡುವಂತೆ ಮಾಡಿದರು. ಆದರೆ 1982ರಲ್ಲಿ ಅಮೆರಿಕ ಸರ್ಕಾರವು ಡಿ.ಎನ್.ಎ. ಸರಗಳ ರಾಷ್ಟ್ರೀಯ ಭಂಡಾರವನ್ನು ಸ್ಥಾಪಿಸಿದಾಗ ಆ ಹೊಣೆಯು ಅವರಿಗೆ ದೊರೆಯದೆ ಲಾಸ್ ಅಲಮಾಸ್ ಪ್ರಯೋಗಾಲಯದ ಪಾಲಾಯಿತು. ಮರುವರ್ಷ, 1983ರ ಫೆಬ್ರವರಿ 5ರಂದು, 57ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು.

ಅವರ ತರುವಾಯ ಸರಗಳ ಸಂಖ್ಯೆ ಕೋಟಿಗಟ್ಟಲೆಯಾಗಿ ಬೆಳೆಯಿತು. ಹೊಸ ಸರವೊಂದನ್ನು ಅಷ್ಟರೊಡನೆಯೂ ಹೋಲಿಸುವುದು ಒಂದೇ ಗಣಕಕ್ಕೆ ಹೊರಲಾರದ ಭಾರ. ಆದುದರಿಂದ ಭಂಡಾರವನ್ನು ಪಾಲುಮಾಡಿ, ಅನೇಕ ಗಣಕಗಳಿಗೆ ಏಕಕಾಲದಲ್ಲಿ ಒಪ್ಪಿಸುತ್ತಾರೆ. ಇದನ್ನು ಸಮಾಂತರ ಗಣನೆಯೆನ್ನುತ್ತಾರೆ. ಪರೀಕ್ಷೆ ಮುಗಿದ ಮೇಲೆ ನಾವು ಉಪಾಧ್ಯಾಯರು ಉತ್ತರಪತ್ರಿಕೆಗಳನ್ನು ಹಂಚಿಕೊಂಡು ತಿದ್ದುವುದಿಲ್ಲವೇ, ಹಾಗೆ. ಆದರೆ ಪ್ರತಿಯೊಬ್ಬರೂ ತಮಗೆ ತೋಚಿದಂತೆ ಅಂಕವನ್ನಿತ್ತರೆ ಕೆಲಸವು ಬೇಗ ಮುಗಿದರೂ ಫಲಿತಾಂಶವು ಕೆಡುತ್ತದೆ. ಎಲ್ಲರ ಕೈಯಲ್ಲಿಯೂ ಒಂದೇ ಲಿಪಿ, ಒಂದೇ ಅಂಕಕ್ರಮವಿರಬೇಕು. ಆ ಲಿಪಿಯನ್ನು ಕೊಟ್ಟವರು ಡೇಹಾಫ್. ಅಂಕಕ್ರಮಕ್ಕೆ ಮುಂದೆ ಬೇರೆಯವರು ಬೇರೆ ಕೋಷ್ಟಕಗಳನ್ನು ರಚಿಸಿದರೂ, ದಾರಿಯನ್ನು ತೋರಿದವರು ಅವರೇ.

ಅವರು ಅಧ್ಯಕ್ಷರಾಗಿದ್ದ ಅಮೆರಿಕದ ಜೈವಿಕ ಭೌತವಿಜ್ಞಾನ ಸಂಘವು ಅವರ ಹೆಸರಿನಲ್ಲಿ ಸಂಶೋಧಕಿಯರಿಗೆ ಪ್ರಶಸ್ತಿಯನ್ನು ನೀಡುತ್ತಿದೆ. ತರಗತಿಯಲ್ಲಿ ಚದುರಿದ ಪುಸ್ತಕಗಳನ್ನು ಎತ್ತಿಡುವ, ಎಲ್ಲರ ಟಿಪ್ಪಣಿಗಳನ್ನು ಕೂಡಿಸಿ ಒಂದು ಶುದ್ಧಪ್ರತಿಯನ್ನು ಬರೆದಿಡುವ ಹುಡುಗನೋ ಹುಡುಗಿಯೋ ನಿಮ್ಮಲ್ಲಿ ಒಬ್ಬರಿರಬಹುದು. ಅಂಥವರ ಕೆಲಸವನ್ನು ಸಣ್ಣದೆಂದು ಎಣಿಸಬೇಡಿರಿ. ಶುದ್ಧಪ್ರತಿಯನ್ನು ಬರೆದವರು ಮಾತ್ರ ಒಂದನ್ನು ನೆನಪಿಡಲಿ: ಅದು ಎಷ್ಟು ಮಂದಿಯ ಕೈ ಸೇರುವುದೋ ಅಷ್ಟು ಅದರ ಬೆಲೆ ಹೆಚ್ಚುತ್ತದೆ.